ಪಂಚಮಿಗೆ ಅಂಡಮಾನ್

ನಿಮಗೊಬ್ಬರಿಗೇ ಹೇಳುತ್ತೇನೆ, ನನ್ನ ಶಾಲೆಯ ಮಕ್ಕಳ ಕಿವಿಗೆ ಮಾತ್ರ ಬೀಳಿಸಬೇಡಿ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನಾನು ಈವರೆಗೆ ಸಮುದ್ರ ನೋಡಿಲ್ಲ. 'ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ' ಎಂದು ಪ್ರತಿವರ್ಷ ಹೊಸ ಮಕ್ಕಳಿಗೆ ಹೊಸ ಹುರುಪಿನಿಂದ ಹೇಳುತ್ತೇನೆ. ಹಾಗೆ ಹೇಳುವಾಗ ನನ್ನ ಕಣ್ಣ ಮುಂದೆ ಬರುವುದು ಅಪರೂಪಕ್ಕೆ ದೊಡ್ಡ ಮಳೆ ಬಿದ್ದ ಮರುದಿನದ ಜಲನಗರದ ನಮ್ಮ ರಸ್ತೆ, ಮತ್ತು ಅದರ ನಡುವೆ ಕೆಟ್ಟು ನಿಂತ ಯಾರದೋ ಸ್ಕೂಟರು. ನಾನು ಕಂಡ ಅತಿ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ಅದನ್ನು ನೋಡಿದಾಗಲೇ ನಾನು ಬೆರಗಾಗಿ, ಇದಕ್ಕಿಂತ ದೊಡ್ಡದು ಇರಲಿಕ್ಕಿಲ್ಲ ಎಂದುಕೊಂಡು ಮನೆಗೆ ಬಂದವಳು.

ಇಂಥ ನನಗೆ ಯುಗಾದಿ ಮುಗಿದ ಹೊಸತರಲ್ಲಿ ಒಂದು ದಿನ ಅಕ್ಕನ ಫೋನು ಬಂತು. ಅಕ್ಕ ಎಂದರೆ ಗೌರಕ್ಕ, ನನ್ನ ಒಬ್ಬಳೇ ಒಡಹುಟ್ಟು. ಅವಳನ್ನು ಟಿಕೋಟಾದ ಆಚೆ ಕಳ್ಳಕವಟಗಿಗೆ ಕೊಟ್ಟಿದ್ದಾರೆ. ದ್ರಾಕ್ಷಿ ಬೆಳೆಯುವ ಮನೆ. ಅವಳು ಫೋನು ಮಾಡಿದರೆ ವಿಷಯ ಸಾಮಾನ್ಯವಾಗಿ ಶೇಂಗಾ, ಸಂಡಿಗೆ, ಅಥವಾ ಅವಳ ಮೊಣಕಾಲು. ಅಂದು ಯಾವ ಪೀಠಿಕೆಯೂ ಇಲ್ಲದೆ ಕೇಳಿದಳು.

"ಏನ್ ಬೇ, ನಾವಿಬ್ಬರೂ ದ್ವೀಪಕ್ಕ ಹೋಗೂಣೇನು?"

ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಆ ಸಾಸಿವೆ ಸಿಡಿದು, ಕರಿದು, ಹೊಗೆಯೆದ್ದರೂ ನನ್ನ ಕೈ ಮೆಣಸಿನಕಾಯಿಯ ಹತ್ತಿರ ಹೋಗಲಿಲ್ಲ.

"ಒಂದ ದ್ವೀಪ ಅಲ್ಲ," ಎಂದು ಅವಳು ಬಿಡಿಸಿ ಹೇಳಿದಳು. "ಒಂದು ನೋಡೂದು, ಹಡಗ ಹತ್ತೂದು, ಇನ್ನೊಂದಕ್ಕ ಹೋಗೂದು. ಅಂಡಮಾನದಾಗ ಮಂದಿ ಹಂಗ ಜಿಗದ್ ಜಿಗದ್ ಅಡ್ಡಾಡ್ತಾರ. ಮೊಬೈಲಿನ್ಯಾಗ ನೋಡೇನಿ."

ಗೌರಕ್ಕನ ಈವರೆಗಿನ ಪ್ರವಾಸಗಳನ್ನು ನಾನು ಬಲ್ಲೆ. ಶ್ರೀಶೈಲ ಒಮ್ಮೆ, ಪಂಢರಪುರ ಒಮ್ಮೆ, ಸೊಲ್ಲಾಪುರಕ್ಕೆ ಚಾದರ ಕೊಳ್ಳಲು ಆಗಾಗ. ಶ್ರೀಶೈಲದಲ್ಲಿ ಎರಡನೆಯ ದಿನವೇ 'ಎಮ್ಮಿ ಹಾಲ ಕೊಡಾಕತ್ತೈತೋ ಇಲ್ಲೋ' ಎಂದು ಮುಖ ಬಾಡಿಸಿಕೊಂಡು ಕೂತವಳು ಅವಳು. ಆ ಹೆಂಗಸು ಬಂಗಾಳ ಕೊಲ್ಲಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಜಿಗಿಯುವ ಮಾತಾಡಿದರೆ ತಂಗಿಯಾದವಳು ಗಾಬರಿಯಾಗದೆ ಏನು ಮಾಡಬೇಕು? ನಮ್ಮವರು ಅಡುಗೆಮನೆಗೆ ಬಂದು ಒಲೆ ಆರಿಸಿದರು.

ಆದರೆ ಗಾಬರಿ ಇಳಿದ ಮೇಲೆ ಒಳಗೊಳಗೇ ಆಸೆ ಹುಟ್ಟಿತು. ಸುಳ್ಳೇಕೆ ಹೇಳಲಿ, ಆ ವಾರವೆಲ್ಲ ಮಕ್ಕಳಿಗೆ ಗೋದಾವರಿಯ ಉಪನದಿಗಳನ್ನು ಹೇಳುತ್ತಿದ್ದರೂ ಮನಸ್ಸು ಪೋರ್ಟ್ ಬ್ಲೇರಿನ ಕಟ್ಟೆಯ ಮೇಲೆ ಕಾಲಿಳಿಬಿಟ್ಟು ಕೂತಿತ್ತು. ಭೂಗೋಳದ ಮೇಡಂ ಅಲ್ಲವೇ, ಪ್ರವಾಸವನ್ನೂ ಪಾಠದಂತೆ ತಯಾರು ಮಾಡತೊಡಗಿದೆ. ಯಾವ ಋತುವಿನಲ್ಲಿ ಯಾವ ಗಾಳಿ, ಯಾವಾಗ ಅಲೆ ದೊಡ್ಡದು, ಯಾವಾಗ ನೀರು ತಿಳಿ, ಎಲ್ಲವನ್ನೂ ಓದಿದೆ. ಓದುತ್ತ ಹೋದಂತೆ ನನಗೆ ಗೊತ್ತಿದ್ದ ಸಂಗತಿಗಳೇ ನನ್ನನ್ನು ಬೆಚ್ಚಿಬೀಳಿಸಿದವು.

ಅಂಡಮಾನಿಗೆ ಎರಡು ಮಳೆಗಾಲ. ನೈಋತ್ಯದ ಮಾರುತ ನಮ್ಮ ದೇಶಕ್ಕೆ ಬರುವಾಗ ಮೊದಲು ಕಾಲಿಡುವುದೇ ಆ ದ್ವೀಪಗಳ ಮೇಲೆ. ಅದು ಮುಗಿಯಿತು ಎನ್ನುವಷ್ಟರಲ್ಲಿ ಈಶಾನ್ಯದ ಗಾಳಿ ಬಂದು ಇನ್ನೊಮ್ಮೆ ತೋಯಿಸಿ ಹೋಗುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬಾಣಗಳನ್ನು ಬರೆದು ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಆ ಬಾಣದ ಮೊನೆಯಲ್ಲಿ ನಾನು ಮತ್ತು ಗೌರಕ್ಕ ಒಂದೇ ಕೊಡೆ ಹಿಡಿದು ನಿಂತ ಚಿತ್ರ ಕಂಡದ್ದು ಆಗಲೇ. ಅದರ ಹಿಂದೆಯೇ ಸಿಟ್ಟೂ ಬಂತು. ಬೇಡ ಬೇಡ ಎನ್ನುವ ಪ್ರವಾಸಿಗರ ತಲೆಯ ಮೇಲೆ ವರ್ಷಕ್ಕೆರಡು ಸಲ ಸುರಿಯುವ ಈ ಮಳೆ, ಬಾ ಬಾ ಎಂದು ಕರೆಯುವ ನಮ್ಮ ಕಡೆ ಬರುವ ಹೊತ್ತಿಗೆ ಸಹ್ಯಾದ್ರಿಯ ಆಚೆಯೇ ಜೇಬು ಖಾಲಿ ಮಾಡಿಕೊಂಡು ಬರೀ ಗಾಳಿಯನ್ನು ಕಳಿಸುತ್ತದಲ್ಲ! 'ಮಳೆ ನೆರಳಿನ ಪ್ರದೇಶ' ಎಂದು ಪಾಠದಲ್ಲಿ ಓದಿದರೆ ಏನೋ ತಂಪಾದ ಜಾಗ ಎನಿಸುತ್ತದೆ. ಆ ನೆರಳಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಬಂದು ನಿಂತು ನೋಡಬೇಕು.

ಇರಲಿ. ಲೆಕ್ಕ ಸರಳವಾಗಿತ್ತು. ಚಳಿಗಾಲ ಶುರುವಾದ ಮೇಲೆ, ಬೇಸಿಗೆ ಬಲಿಯುವ ಮುಂಚೆ, ಸಮುದ್ರ ಸಮಾಧಾನವಾಗಿರುತ್ತದೆ. ಹೋಗುವುದಿದ್ದರೆ ಆಗ ಹೋಗಬೇಕು. ನಾನು ಠೀವಿಯಿಂದ ಅಕ್ಕನಿಗೆ ಫೋನು ಮಾಡಿ, "ಎಳ್ಳಮಾಸಿ ಮುಗಿಸಿ ಹೊಂಡೂಣು," ಎಂದೆ.

"ಅವಾಗ ದ್ರಾಕ್ಷಿಗೊನಿ ಮೆಣಸಿನಕಾಳಿನಷ್ಟ ಆಗಿರ್ತಾವ. ಒಂದ ಮಂಜ ಬಿತ್ತಂದ್ರ ಮುಗೀತು. ಹ್ಯಾಂಗ ಬಿಟ್ಟ ಬರಲಿ?" ಎಂದಳು ಅಕ್ಕ.

ಹಾಗಾದರೆ ಶಿವರಾತ್ರಿಯ ಹೊತ್ತಿಗೆ? ಆಗ ಹಣ್ಣು ಕಡಿಯುವ ಕಾಲ. ಅದಾದ ಮೇಲೆ? ಆಗ ಶೆಡ್ಡಿನಲ್ಲಿ ಹಣ್ಣು ಹರವಿ ಒಣದ್ರಾಕ್ಷಿ ಮಾಡುವ ಕಾಲ. ಅದೂ ಆದ ಮೇಲೆ? ಚಾಟಣಿ, ಅಂದರೆ ಬಳ್ಳಿ ಸವರುವ ಕಾಲ. ದಸರೆಯ ರಜೆಯಲ್ಲಿ? ಇನ್ನೊಂದು ಚಾಟಣಿ! ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ ಎಂಬುದು ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಅದರ ಜೊತೆ ಅಕ್ಕನ ವರ್ಷವೂ ಹೀಗೆ ತುಂಡುತುಂಡಾಗಿದೆ ಎಂದು ತಿಳಿದಾಗ ತಬ್ಬಿಬ್ಬಾದೆ. ನಾನು ತಿನ್ನುವ ದ್ರಾಕ್ಷಿಯ ಪ್ರತಿ ಗೊನೆಯ ಹಿಂದೆ ಹೋಗದೆ ಉಳಿದ ಒಂದು ಪ್ರವಾಸ ಇರಬಹುದು ಎನಿಸಿ ಆ ವಾರ ಹಣ್ಣು ತರುವುದನ್ನೇ ಬಿಟ್ಟೆ.

"ಮತ್ತ ಯಾವಾಗ ಬಿಡುವು ಆಗತೈತಿ, ನೀನ ಹೇಳು," ಎಂದೆ ಕೊನೆಗೆ, ಸೋತು.

"ಪಂಚಮಿಗೆ," ಎಂದಳು. ಒಂದು ಕ್ಷಣವೂ ಯೋಚಿಸಲಿಲ್ಲ. "ಪಂಚಮಿಗೇ ಹೋಗಬೇಕು."

ನಾಗರ ಪಂಚಮಿ ಬರುವುದು ಶ್ರಾವಣದಲ್ಲಿ. ಶ್ರಾವಣ ಎಂದರೆ ಆ ಸಮುದ್ರಕ್ಕೆ ಮೈಮೇಲೆ ಬರುವ ತಿಂಗಳು. ನಾನು ಗಾಳಿ, ಅಲೆ, ಒತ್ತಡ ಎಂದೆಲ್ಲ ಹೇಳಿದೆ. ಅವಳು ಎಲ್ಲವನ್ನೂ ಹೂಂಗುಟ್ಟಿ ಕೇಳಿ, "ಆದ್ರೂ ಪಂಚಮಿಗೇ," ಎಂದು ಫೋನಿಟ್ಟಳು.

ಗಾಂಧಿ ಚೌಕದ ಹತ್ತಿರ ಪ್ರವಾಸಕ್ಕೆ ಕಳಿಸುವವರ ಒಂದು ಸಣ್ಣ ಆಫೀಸಿದೆ. ಅದರ ಮಾಲೀಕರು ನನ್ನ ವಯಸ್ಸಿನವರು, ಗೋಡೆಯ ತುಂಬ ನೀಲಿ ನೀರಿನ ಚಿತ್ರ ಅಂಟಿಸಿಕೊಂಡು ಅದರ ಕೆಳಗೆ ಬೆವರೊರೆಸಿಕೊಳ್ಳುತ್ತ ಕೂತಿರುತ್ತಾರೆ. ಶ್ರಾವಣದಲ್ಲಿ ಅಂಡಮಾನ್ ಎಂದು ನಾನು ಹೇಳಿದ್ದೇ ತಡ, ಅವರು ಕನ್ನಡಕ ತೆಗೆದರು.

"ಮೇಡಂ, ತಪ್ಪ ತಿಳೀಬ್ಯಾಡ್ರಿ. ಅಲ್ಲಿ ಅವಾಗ ಜಡಿಮಳಿ ಹತ್ತಿರ್ತೈತ್ರಿ. ಅಲಿ ಎದ್ದರ ಹಡಗ ಬಂದ್ ಮಾಡ್ತಾರ. ಒಂದ ದ್ವೀಪದಾಗ ಸಿಕ್ಕೊಂಡು ಖೋಲಿಯೊಳಗ ಕುಂತ ಮಳಿ ನೋಡಬೇಕಾಗತೈತಿ, ಅಷ್ಟ."

ನಾನು ಹೊರಗೆ ಬಂದು ಅಕ್ಕನಿಗೆ ಇದನ್ನು ಯಥಾವತ್ತಾಗಿ ವರದಿ ಮಾಡಿದೆ. ಅವಳ ಉತ್ತರ ಕೇಳಿ ಚೌಕದ ನಡುವೆಯೇ ನಿಂತುಬಿಟ್ಟೆ; ಹಿಂದಿನ ಆಟೋದವನು ಹಾರ್ನ್ ಬಾರಿಸಿ ಬಾರಿಸಿ ಬೇಸತ್ತ. ಅಕ್ಕ ಕೇಳಿದ್ದು ಇಷ್ಟೇ: "ಖೋಲಿಯೊಳಗ ಕುಂತ ಮಳಿ ನೋಡೂದು ಏನ್ ಕಡಿಮಿ ಆತೇನು?"

ನಿಂತವಳಿಗೆ ಇದು ನಮ್ಮೂರಿನವರು ಮಾತ್ರ ಕೇಳಬಹುದಾದ ಪ್ರಶ್ನೆ ಎನಿಸಿತು. ಬೇರೆ ಊರಿನವರು ಮಳೆ ಬಂದರೆ ಒಳಗೆ ಓಡುತ್ತಾರೆ, ನಾವು ಹೊರಗೆ ಬರುತ್ತೇವೆ. ಮೊದಲ ಮಳೆ ಬಿದ್ದರೆ ಜಲನಗರದಲ್ಲಿ ಬಾಗಿಲು ಬಾಗಿಲಲ್ಲಿ ನಿಂತು, ಬೀಗರು ಬಂದಾಗ ನೋಡುವ ಹಾಗೆ ಅದನ್ನು ನೋಡುತ್ತೇವೆ. ಮಕ್ಕಳಿಗೆ ಬೇಗನೆ ಒಳಗೆ ಬಾ ಎನ್ನುವ ತಾಯಂದಿರೇ ತಾವು ಅಂಗಳದಲ್ಲಿ ಅಂಗೈ ಚಾಚಿಕೊಂಡಿರುತ್ತಾರೆ. ಅರಕೇರಿಯಲ್ಲಿ ಹೊಲವಿರುವ ನಮ್ಮ ಎದುರು ಮನೆಯವರಂತೂ ಮೋಡ ಕಂಡ ಕೂಡಲೇ ಗಾಡಿ ಹತ್ತಿ ಹೊಲಕ್ಕೇ ಹೋಗುತ್ತಾರೆ, ತಮ್ಮ ಮಣ್ಣಿನ ಮೇಲೆ ಬಿದ್ದಿತೋ ಪಕ್ಕದವರದರ ಮೇಲೋ ಎಂದು ಖಾತ್ರಿ ಮಾಡಿಕೊಳ್ಳಲು. ಇಂಥ ಸೀಮೆಯವಳಿಗೆ 'ಅಲ್ಲಿ ಬರೀ ಮಳೆ' ಎಂದು ಹೆದರಿಸಲು ಹೋದದ್ದು ನನ್ನ ದಡ್ಡತನ. ಪಂಚಮಿಯ ಹಟಕ್ಕೆ ಇದೇ ಕಾರಣ, ಮಳೆಯ ಆಸೆ ಮತ್ತು ಚಾಟಣಿಗಳ ನಡುವಿನ ಬಿಡುವು ಎಂದು ನಾನು ತೀರ್ಮಾನಿಸಿದೆ. ತೀರ್ಮಾನ ಬಹಳ ಚೆನ್ನಾಗಿತ್ತು, ಪೂರಾ ತಪ್ಪಾಗಿತ್ತು.

ಎದುರೆದುರು ಕೂತು ತಿಳಿಹೇಳಿದರೆ ಕೇಳಿಯಾಳು ಎಂದು ಆಷಾಢದ ಒಂದು ಭಾನುವಾರ ಟಿಕೋಟಾದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಳ್ಳಕವಟಗಿಗೆ ಹೋದೆ. ಅಕ್ಕನ ಮನೆಯ ಕಟ್ಟೆಯ ಮೇಲೆ ನಾಲ್ಕಾರು ಹೆಂಗಸರು ಪಂಚಮಿಯ ಉಂಡಿಗೆಂದು ಶೇಂಗಾ ಆರಿಸುತ್ತ ಕೂತಿದ್ದರು. ನಡುವೆ ಅಕ್ಕನ ಅತ್ತೆ ಶಾಂತವ್ವ. ನನ್ನನ್ನು ಕಂಡದ್ದೇ ಎಲ್ಲರ ಕೈ ನಿಂತಿತು.

"ಬಂದೀ ಏನವಾ? ನಮ್ಮ ಸೊಸಿ ಈ ಪಂಚಮಿಗೆ ಅಂಡಮಾನಕ್ಕ ಹೊಂಟಾಳಂತಲ್ಲ, ನಿನ್ನ ಜೋಡಿ," ಎಂದರು ಶಾಂತವ್ವ.

ನನ್ನ ಕೈಚೀಲ ಜಾರಿತು. ಊರಿಗೆ ಊರೇ ತಿಳಿದಿತ್ತು! ಟಿಕೀಟು ತೆಗೆಸಿಲ್ಲ, ಹಡಗು ಗೊತ್ತಿಲ್ಲ, ಹೋಗುವುದೇ ಖಾತ್ರಿಯಿಲ್ಲ. ಇಲ್ಲಿ ನೋಡಿದರೆ ಅಕ್ಕ ಆಗಲೇ ಹೋಗಿ ಬಂದಷ್ಟು ಸುದ್ದಿಯಾಗಿದೆ. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸೊಬ್ಬಳು ನಿಜವಾದ ಕಾಳಜಿಯಿಂದ ಕೇಳಿದಳು: "ಅಂಡಮಾನದಾಗ ನಿಮ್ಮವರು ಯಾರ ಅದಾರ್ರಿ? ತಂದಿ ಕಡೆಯವರೋ, ತಾಯಿ ಕಡೆಯವರೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು, "ಆಕೀಗೆ ಮೊದಲ ನೀರ ಕೊಡ್ರಿ," ಎಂದು ನನ್ನ ತೋಳು ಹಿಡಿದು ನೇರವಾಗಿ ಹಿತ್ತಲ ದಾರಿಯಿಂದ ತೋಟಕ್ಕೆ ಕರೆದುಕೊಂಡು ಹೋದಳು. ನೀರು ಮಾತ್ರ ಯಾರೂ ಕೊಡಲಿಲ್ಲ.

ಇಲ್ಲಿ ನಿಮಗೆ ನಮ್ಮ ಕಡೆಯ ಪಂಚಮಿಯ ಬಗ್ಗೆ ಹೇಳಬೇಕು. ನಿಮಗದು ಹುತ್ತಕ್ಕೆ ಹಾಲೆರೆಯುವ ಹಬ್ಬವಿರಬಹುದು. ನಮ್ಮಲ್ಲಿ ಅದು ಕೊಟ್ಟ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಆದರೆ ತಾವಾಗಿಯೇ ಹೋಗುವಂತಿಲ್ಲ. ಕರೆಯಲು ಬರಬೇಕು, ಅಣ್ಣನೋ ತಮ್ಮನೋ ಅಪ್ಪನೋ. ಬುಟ್ಟಿಯಲ್ಲಿ ರೊಟ್ಟಿ, ಉಂಡಿ, ಕುಪ್ಪಸದ ಖಣ ಇಟ್ಟುಕೊಂಡು ಬರಬೇಕು, ಅತ್ತೆಮಾವನ ಮುಂದೆ ಕೂತು 'ಹುಡುಗಿನ್ನ ಪಂಚಮಿಗೆ ಕಳಸ್ರಿ' ಎಂದು ಕೇಳಬೇಕು. ಕೇಳಿದರೆ ಇಲ್ಲ ಎನ್ನುವ ಮನೆ ಈ ಸೀಮೆಯಲ್ಲಿ ಇಲ್ಲ. ಎಂಥ ಬಿಗಿಯ ಅತ್ತೆಯೂ ಆ ನಾಲ್ಕು ದಿನ ಕೈ ಸಡಿಲಿಸುತ್ತಾಳೆ. ಯಾಕೆಂದರೆ ಅವಳನ್ನೂ ಯಾರೋ ಕರೆಯಲು ಬರುತ್ತಾರೆ.

ನಮಗೆ ಅಣ್ಣತಮ್ಮಂದಿರಿಲ್ಲ. ಬಬಲೇಶ್ವರದ ಪೇಟೆಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನೇ ಬರುತ್ತಿದ್ದರು. ಮೊದಲು ಕಳ್ಳಕವಟಗಿಗೆ ಹೋಗಿ ಅಕ್ಕನನ್ನು ಕರೆದುಕೊಂಡು, ಬರುವ ದಾರಿಯಲ್ಲಿ ಜಲನಗರಕ್ಕೆ ಬಂದು ನನ್ನನ್ನೂ ಎಬ್ಬಿಸಿಕೊಂಡು, ಬಬಲೇಶ್ವರದ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತು ನಿದ್ದೆ ಹೋಗುತ್ತಿದ್ದರು. ಅವ್ವ ತೀರಿದ ಮೇಲೂ ಅವರೇ ಉಂಡಿ ಕಟ್ಟುತ್ತಿದ್ದರು, ಒಂದೊಂದು ಒಂದೊಂದು ಅಳತೆ. ಅಪ್ಪ ಹೋದ ಮೇಲೆ ಬಬಲೇಶ್ವರದ ಬಾಡಿಗೆ ಮನೆಯ ಕೀಲಿಯನ್ನು ಮಾಲೀಕರಿಗೆ ಕೊಟ್ಟು ಬಂದೆವು. ನನಗೆ ದುಃಖವಾಗಿತ್ತು, ಆದರೆ ಪಂಚಮಿ ಕಾಡಲಿಲ್ಲ. ನಗರದಲ್ಲಿ ಪಂಚಮಿಯೆಂದರೆ ಶಾಲೆಗೆ ಒಂದು ದಿನದ ರಜೆ. ನೀನು ತವರಿಗೆ ಯಾಕೆ ಹೋಗಲಿಲ್ಲ ಎಂದು ಜಲನಗರದಲ್ಲಿ ಯಾರೂ ಕೇಳುವುದಿಲ್ಲ.

ದ್ರಾಕ್ಷಿಯ ಚಪ್ಪರದ ಕೆಳಗೆ ನಿಂತು ಅಕ್ಕ ನನ್ನ ಮುಖ ನೋಡದೆ ಮಾತಾಡಿದಳು.

"ಅಪ್ಪ ತೀರಿದ ವರ್ಷ ಸೂತಕ ಇತ್ತು, ಯಾರೂ ಕೇಳಲಿಲ್ಲ. ಹೋದ ವರ್ಷ ಜ್ವರ ಬಂದಾವ ಅಂತ ಹೊಚಗೊಂಡ ಮಲಗಿದ್ದೆ. ಈ ವರ್ಷ ಏನ್ ಹೇಳಲಿ, ನೀನ ಹೇಳು."

"ನಿಮ್ಮ ಅತ್ತಿ ಏನರ ಅಂದ್ರೇನು?"

"ಅಂದಿದ್ರ ಛಲೋ ಇತ್ತು ಬೇ. ಯಾರೂ ಏನೂ ಅನ್ನೂದಿಲ್ಲ. ಕಟ್ಟಿ ಮ್ಯಾಲ ಕುಂತು ಪಂಚಮಿ ಮಾತ ಆಡಾಕತ್ತಿರ್ತಾರ. ನಾ ಬಂದ್ರ ಸಾಕು, ಮಾತ ಬದಲಸ್ತಾರ. ಹೋದ ವರ್ಷ ಎಲ್ಲಾರ ಮನಿ ಮುಂದೂ ಕರಿಯಾಕ ಬಂದವರ ಚಪ್ಪಲಿ ಇದ್ದೂ. ನಮ್ಮ ಮನ್ಯಾಗ ನಾ ಒಬ್ಬಾಕಿನ ಉಳದೆ. ಅತ್ತಿನೂ ತನ್ನ ತಮ್ಮನ ಮನಿಗೆ ಹೋದ್ರು. ಹೋಗು ಮುಂದ ನನ್ನ ಮಾರಿ ನೋಡಲಿಲ್ಲ ಅವರು."

ಅವಳು ಒಂದು ಎಲೆಯನ್ನು ತಿರುವಿ ಹಿಂಬದಿ ರೋಗ ಬಂದಿದೆಯೇ ಎಂದು ನೋಡಿದಳು, ಬಿಟ್ಟಳು.

"ದೂರ ಎಲ್ಲೆರ ಹೊಂಟೇನಿ ಅಂದ್ರ ಆತಲ್ಲ. ಕರಿಯಾಕ ಯಾರೂ ಬರಲಿಲ್ಲ ಅನ್ನೂದಿಲ್ಲ, ಆಕೀನ ಇರಲಿಲ್ಲ ಅಂತಾರ. ಟಿಕೋಟಾಕ್ಕ ಹೊಂಟೇನಿ ಅಂದ್ರ ಯಾರ ನಂಬತಾರ? ಅದಕ ದೂರದ್ದು ಹುಡಿಕಿದೆ. ಸಣ್ಣ ದ್ವೀಪ ಆದ್ರೂ ನಡೀತೈತಿ. ಹಡಗ ಬಂದ್ ಇದ್ರೂ ನಡೀತೈತಿ."

ಸಮುದ್ರದ ಬಗ್ಗೆ ಓದುವಾಗ ಆದ ಗಾಬರಿಗಳೆಲ್ಲ ಆಟದವು. ಈಗ ಆದದ್ದು ಬೇರೆ. ನನ್ನ ಕಾಲ ಕೆಳಗಿನ ಕರಿಮಣ್ಣು ಸರಿದ ಹಾಗಾಗಿ ಚಪ್ಪರದ ಕಂಬ ಹಿಡಿದುಕೊಂಡೆ. ಎರಡು ಮಾರುತಗಳನ್ನು, ಎರಡು ಚಾಟಣಿಗಳನ್ನು, ನನ್ನ ರಜೆಯನ್ನು ಪಕ್ಕಪಕ್ಕ ಇಟ್ಟು ತೂಗಿದ್ದೆನಲ್ಲ, ಅಕ್ಕನ ಋತು ಯಾವುದೆಂದು ಒಮ್ಮೆಯೂ ಕೇಳಿರಲಿಲ್ಲ. ಅಪ್ಪ ಇಲ್ಲ ಎಂಬುದು ಅಂದು ಇನ್ನೊಮ್ಮೆ, ಹೊಸದಾಗಿ ತಿಳಿದಂತಾಗಿ ಅತ್ತುಬಿಟ್ಟೆ. ಅಕ್ಕ ಸೆರಗಿನಿಂದ ನನ್ನ ಮುಖ ಒರೆಸಿ, "ಔಷಧ ಹೊಡದಾರ ಬಳ್ಳಿಗೆ, ಕೈ ಕಣ್ಣಿಗೆ ಹಚಗೋಬ್ಯಾಡ," ಎಂದಳು.

ಮನೆಗೆ ಬಂದು ನಮ್ಮವರಿಗೆ ನನ್ನ ತೀರ್ಮಾನ ಹೇಳಿದೆ. ಅವರು ಚಹಾದ ಬಸಿಯನ್ನು ಬಾಯಿಯ ಹತ್ತಿರ ಒಯ್ದವರು ಅಲ್ಲೇ ನಿಲ್ಲಿಸಿದರು.

"ನೀನು ಹೋಗಾಕಿ? ಕರಿಯಾಕ? ಅಕ್ಕನ್ನ ಕರಿಯಾಕ ತಂಗಿ ಹೋಗೂದು ಎಲ್ಲಿ ಐತಿ?"

"ಎಲ್ಲೂ ಇಲ್ಲ," ಎಂದೆ.

"ನಾ ಹೋಗ್ಲೇನು ಬೇಕಾದ್ರ?"

ಅವರ ಮನಸ್ಸು ದೊಡ್ಡದು. ಆದರೆ ಅಳಿಯ ಹೋಗಿ ಕರೆದರೆ ಅದು ಉಪಕಾರ ಆಗುತ್ತದೆ, ತವರು ಆಗುವುದಿಲ್ಲ ಎಂದು ನನಗನಿಸಿತು. ಹಾಗೆಂದು ಧೈರ್ಯವೇನೂ ಇರಲಿಲ್ಲ. ಮುಂದಿನ ಎರಡು ವಾರ ಪಾಠ ಹೇಳುವಾಗಲೂ ಶಾಂತವ್ವನ ಮುಖವೇ ಕಣ್ಣಮುಂದೆ. 'ಗಂಡಸರು ಯಾರೂ ಸಿಗಲಿಲ್ಲೇನು?' ಎಂದು ಅವರು ನಾಲ್ಕು ಜನರೆದುರು ಕೇಳಿಬಿಟ್ಟರೆ, ಅಕ್ಕನಿಗೆ ಇದ್ದ ಅಂಡಮಾನಿನ ಆಸರೆಯೂ ಹೋಯಿತು. ಸುಳ್ಳಾದರೂ ಅವಳದೊಂದು ದ್ವೀಪ ಇತ್ತು; ಅದನ್ನು ಮುಳುಗಿಸಲು ಹೊರಟಿದ್ದೆ ನಾನು.

ನಾಗರ ಅಮಾವಾಸ್ಯೆ ಕಳೆದ ಎರಡನೆಯ ದಿನ ಬುಟ್ಟಿ ಹೊತ್ತು ಹೊರಟೆ. ಖಡಕ್ ರೊಟ್ಟಿ, ಶೇಂಗಾ ಉಂಡಿ, ಎಳ್ಳುಂಡಿ, ಹುರಿದು ಅರಳಿಸಿದ ಜೋಳದ ಅಳ್ಳು, ಹಸಿರು ಅಂಚಿನ ಒಂದು ಖಣ. ಬಸ್ಸಿನ ತುಂಬ ಇಂಥವೇ ಬುಟ್ಟಿಗಳು, ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಕೂತವರು ಗಂಡಸರು. ಅವರಲ್ಲೊಬ್ಬ ಹಿರಿಯ ನನ್ನ ಬುಟ್ಟಿಯನ್ನೂ ನನ್ನನ್ನೂ ನೋಡಿ, "ಕರಿಯಾಕ ಹೊಂಟೀರೇನ್ರಿ?" ಎಂದು ಕೇಳಿ, ನಾನು ಹೌದೆಂದಾಗ ಕಿಟಕಿಯ ಕಡೆ ತಿರುಗಿದವನು ಟಿಕೋಟಾ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಕಟ್ಟೆಯ ಮೇಲೆ ಅದೇ ಹೆಂಗಸರು. ನಾನು ಹೋಗಿ ಬುಟ್ಟಿಯನ್ನು ಶಾಂತವ್ವನ ಮುಂದೆ ಇಟ್ಟೆ. ತರಗತಿಯಲ್ಲಿ ಕೊನೆಯ ಬೆಂಚಿಗೂ ಕೇಳುವ ನನ್ನ ದನಿ ಅಂದು ಎಲ್ಲೋ ಅಡಗಿತು. ಹೇಗೋ ಹೇಳಿದೆ: "ಅತ್ತಿ, ನಮ್ಮ ಹುಡುಗಿನ್ನ ಪಂಚಮಿಗೆ ಕಳಸ್ರಿ."

'ನಮ್ಮ ಹುಡುಗಿ' ಮೊಮ್ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದ ಬಣ್ಣ ಹೋಗಿತ್ತು. ಶಾಂತವ್ವ ಬುಟ್ಟಿಯ ಬಟ್ಟೆ ಸರಿಸಿ ಒಳಗೆ ನೋಡಿದರು. ಖಣ ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಒಳಗೆ ತಿರುಗಿ ಕೂಗಿದರು.

"ಲೇ, ಗೌರೀ, ನೋಡಕೋತ ಏನ್ ನಿಂತೀ? ಕರಿಯಾಕ ಬಂದಾರ. ಕಾಲಿಗೆ ನೀರ ಕೊಡು. ಜಮಖಾನಿ ಹಾಸು."

ನಾನು ಹೌಹಾರಿದೆ. ಆ ಜಮಖಾನೆ ಅಪ್ಪನಿಗೆ ಹಾಸುತ್ತಿದ್ದದ್ದು. ಇಷ್ಟು ವರ್ಷ ಆ ಮನೆಗೆ ಹೋದಾಗಲೆಲ್ಲ ನಾನು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತವಳು. ಈಗ ಪಡಸಾಲೆಯಲ್ಲಿ ಗೋಡೆಗೆ ಒರಗುದಿಂಬು ಇಟ್ಟು ನನ್ನನ್ನು ಕೂರಿಸಿದರು. ಭಾವ ತೋಟದಿಂದ ಬಂದವರು ನನ್ನನ್ನು ಆ ಜಾಗದಲ್ಲಿ ಕಂಡು, ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನು ಮರೆತು, ಶಾಂತವ್ವನಿಂದ ಬೈಸಿಕೊಂಡರು. ಉಣ್ಣದೆ ಏಳುವಂತಿಲ್ಲ ಎಂದು ಹೋಳಿಗೆ ಬಡಿಸಿದರು. ಅಡಕೆ ಎಲೆ ಕೂಡ ಕೊಟ್ಟರು. ಹಾಕಿಕೊಳ್ಳಲು ಬಾರದ ನಾನು ಗೌರವಕ್ಕೆಂದು ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡೆ.

"ಮತ್ತ ಅಂಡಮಾನಾ?" ಎಂದು ಶಾಂತವ್ವ ಕೇಳಿದ್ದು ಆಗಲೇ.

"ಶ್ರಾವಣದಾಗ ಹಡಗ ಬಿಡೂದು ಖಾತ್ರಿ ಇಲ್ಲಂತ್ರಿ. ಜಲನಗರಕ್ಕ ಕರಕೊಂಡ ಹೊಂಟೇನಿ."

"ಹಂಗಂದ್ರ ಆತು ಬಿಡು," ಎಂದರು ಅವರು, ದೊಡ್ಡ ಭಾರ ಇಳಿಸಿದವರಂತೆ. "ನನಗೂ ಚಿಂತಿ ಹತ್ತಿತ್ತು. ಹೋದ ವರ್ಷ ಇಕೀನ್ನ ಒಬ್ಬಾಕೀನ ಬಿಟ್ಟ ಹೋಗಿದ್ದೆ. ತಮ್ಮನ ಮನ್ಯಾಗ ತುತ್ತ ಇಳೀಲಿಲ್ಲವಾ ನನಗ."

ಅಕ್ಕ ನಾಲ್ಕು ದಿನ ನಮ್ಮ ಮನೆಯಲ್ಲಿದ್ದಳು. ಜೋಕಾಲಿ ಕಟ್ಟಲು ನಮ್ಮ ಓಣಿಯಲ್ಲಿ ಒಂದೂ ಗಟ್ಟಿ ಮರವಿಲ್ಲ. ನಮ್ಮವರು ಕಾರಿಲ್ಲದ ಕಾರ್ ಶೆಡ್ಡಿನ ಕಬ್ಬಿಣದ ತೊಲೆಗೆ ಹಗ್ಗ ಬಿಗಿದರು. ಮೊಮ್ಮಕ್ಕಳನ್ನು ಕಂಡ ವಯಸ್ಸಿನಲ್ಲಿ ಅಕ್ಕ ಮೊಣಕಾಲ ನೋವನ್ನು ಮರೆತು ಅದರ ಮೇಲೆ ನಿಂತು ಜೀಕಿದ್ದನ್ನು ನೋಡಲು ಓಣಿಯ ಜನ ಗೇಟಿನ ಬಳಿ ಸೇರಿದರು. ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ನಮ್ಮ ಪದ್ಧತಿಯಂತೆ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಪಾಲು ಎರೆದೆವು. "ಅಪ್ಪನ ಪಾಲು" ಎನ್ನುವಾಗ ಇಬ್ಬರ ದನಿಯೂ ಒಟ್ಟಿಗೆ ಒಡೆಯಿತು, ಒಟ್ಟಿಗೆ ಸರಿಹೋಯಿತು.

ನಾನು ಉಬ್ಬಿಹೋಗಿದ್ದೆ. ಮನುಷ್ಯರು ದೂರದೂರದ ದ್ವೀಪಗಳನ್ನು ಬಯಸುವುದು ಹತ್ತಿರದ ಒಂದು ಬಾಗಿಲು ಮುಚ್ಚಿದಾಗ, ಆ ಬಾಗಿಲು ತೆರೆದರೆ ಸಾಕು, ಸಮುದ್ರ ಯಾರಿಗೂ ಬೇಕಿಲ್ಲ ಎಂದೆಲ್ಲ ಮನಸ್ಸಿನಲ್ಲೇ ಒಂದು ಉಪನ್ಯಾಸ ಕಟ್ಟಿಕೊಂಡೆ. ಮಕ್ಕಳಿಗೆ ಹೇಳಬಹುದಾದ ಉಪನ್ಯಾಸ. ಹೊರಡುವ ದಿನ ಬೆಳಗ್ಗೆ ಅಕ್ಕನ ಚೀಲಕ್ಕೆ ಉಂಡಿ ತುಂಬುತ್ತ ಅದೇ ಧಾಟಿಯಲ್ಲಿ, "ಇನ್ನ ಅಂಡಮಾನದ ಚಿಂತಿ ಬಿಡು," ಎಂದೆ.

ಅಕ್ಕ ತಲೆ ಬಾಚಿಕೊಳ್ಳುತ್ತಿದ್ದವಳು ಹಣಿಗೆ ಕೆಳಗಿಟ್ಟಳು.

"ಯಾಕ ಬಿಡಬೇಕು? ಪಂಚಮಿ ಬ್ಯಾರೆ, ಸಮುದ್ರ ಬ್ಯಾರೆ. ನೋಡಬ್ಯಾಡೇನು ನಾನು? ಸಂಕ್ರಾಂತಿ ಆದ ಮ್ಯಾಲ ಅಲಿ ಇರೂದಿಲ್ಲ ಅಂತ ನೀನ ಹೇಳಿದ್ಯಲ್ಲ. ಅವಾಗ ಹೋಗೂಣು."

ನನ್ನ ಕೈಯಲ್ಲಿದ್ದ ಉಂಡಿ ಒಡೆದು ಪುಡಿಯಾಯಿತು. ಉಪನ್ಯಾಸವೂ ಅದರ ಜೊತೆಗೇ ಹೋಯಿತು.

"ಅವಾಗ ದ್ರಾಕ್ಷಿ ಇರ್ತೈತಲ್ಲ ಬೇ! ಹ್ಯಾಂಗ ಬಿಟ್ಟ ಬರ್ತಿ?"

"ನಿಮ್ಮ ಭಾವ ಅದಾರ, ನೋಡಕೋತಾರ. ಒಂದ ವರ್ಷ ಗೊನಿಗೂ ನಾ ಇಲ್ಲದ ರೂಢಿ ಆಗಲಿ."

"ಅತ್ತಿ ಕಳಸ್ತಾರೇನು? ಪಂಚಮಿನೂ ಅಲ್ಲ, ಏನೂ ಅಲ್ಲ. ಏನಂತ ಹೇಳ್ತಿ ಅವರಿಗೆ?"

ಗೌರಕ್ಕ ನನ್ನನ್ನು, ಇಷ್ಟು ಓದಿದವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬ ಮರುಕದಿಂದ ನೋಡಿದಳು.

"ನಾ ಯಾಕ ಹೇಳಲಿ? ಬುಟ್ಟಿ ತಗೊಂಡ ನೀ ಬಾ ಕರಿಯಾಕ. ಕರಿಯಾಕ ಬಂದ್ರ ನಮ್ಮ ಮನ್ಯಾಗ ಇಲ್ಲ ಅನ್ನೂದಿಲ್ಲ."